ವಿಲೋಮ ಕೋಸೈನು ಮತ್ತು ಗಣಕಯಂತ್ರ

ಕೋನವನ್ನು ಕೊಟ್ಟು ಕೋಸೈನನ್ನು ಕೇಳುವುದು ತ್ರಿಕೋನಮಿತಿಯ ಮೊದಲ ಪಾಠ. ಕೋಸೈನನ್ನು ಕೊಟ್ಟು ಕೋನವನ್ನು ಕೇಳಿದರೆ ಅದೇ ವಿಲೋಮ ಕೋಸೈನು. ಕೋಸೈನಿನ ತಲೆಯ ಮೇಲೆ 'ಋಣ ಒಂದು' ಬರೆಯುವ ರೂಢಿಯಿಂದಾಗಿ ಇದನ್ನು ಕೋಸೈನಿನ ವ್ಯುತ್ಕ್ರಮವೆಂದು ಭ್ರಮಿಸುವ ವಿದ್ಯಾರ್ಥಿಗಳು ಇಂದಿಗೂ ಇದ್ದಾರೆ. ತಪ್ಪು ಅವರದಲ್ಲ, ಆ ಬರವಣಿಗೆಯದು.

ಸಂಖ್ಯಾಶಾಸ್ತ್ರದಲ್ಲಿ ಕೋನಕ್ಕೇನು ಕೆಲಸವೆಂದು ವಾಚಕರು ಕೇಳಬಹುದು. ಮೂವರು ವಿದ್ಯಾರ್ಥಿಗಳು ಕನ್ನಡದಲ್ಲಿ ಕ್ರಮವಾಗಿ 40, 50, 60 ಅಂಕಗಳನ್ನೂ ಗಣಿತದಲ್ಲಿ 40, 60, 50 ಅಂಕಗಳನ್ನೂ ಪಡೆದರೆನ್ನೋಣ. ಎರಡು ವಿಷಯಗಳ ಸರಾಸರಿಯೂ 50. ಸರಾಸರಿಯಿಂದ ವಿಚಲನೆಗಳು ಒಂದರಲ್ಲಿ -10, 0, 10. ಇನ್ನೊಂದರಲ್ಲಿ -10, 10, 0. ಇವನ್ನು ಜೊತೆಜೊತೆಯಾಗಿ ಗುಣಿಸಿ ಕೂಡಿದರೆ 100. ಪ್ರತಿ ವಿಷಯದ ವಿಚಲನೆಗಳ ವರ್ಗಗಳ ಮೊತ್ತ 200. ಈ ಎರಡು ಮೊತ್ತಗಳ ಗುಣಲಬ್ಧದ ವರ್ಗಮೂಲವೂ 200ೇ ಆದುದರಿಂದ, 100ನ್ನು ಅದರಿಂದ ಭಾಗಿಸಿದಾಗ 0.5 ದೊರೆಯುತ್ತದೆ. ಇದು ಸಹಸಂಬಂಧ ಗುಣಾಂಕ. ವಿಚಲನೆಗಳ ಎರಡು ಸಾಲುಗಳನ್ನು ಎರಡು ಸದಿಶಗಳೆಂದು ಭಾವಿಸಿದರೆ, ಅವುಗಳ ನಡುವಣ ಕೋನದ ಕೋಸೈನೂ ಇದೇ. ಆ ಕೋನ 60 ಡಿಗ್ರಿ. ಗುಣಾಂಕ ಸೊನ್ನೆಯಾದರೆ ಕೋನ 90. ಪೂರ್ಣ ಹೊಂದಿಕೆಗೆ 0, ಪೂರ್ಣ ವಿರೋಧಕ್ಕೆ 180.

ಈ ಕ್ರಿಯೆಗೆ 'ಆರ್' ತಂತ್ರಾಂಶದಲ್ಲಿ 'ಎಕಾಸ್' ಎಂದೂ 'ಸ್ಯಾಸ್'ನಲ್ಲಿ 'ಆರ್ಕಾಸ್' ಎಂದೂ ಹೆಸರು. ಆರ್ ಹುಟ್ಟಿದ್ದು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ, ಅದರ 1.0.0 ಆವೃತ್ತಿ ಹೊರಬಂದದ್ದು 2000ನೆಯ ಇಸವಿಯ ಫೆಬ್ರುವರಿ 29ರಂದು. ಎಕಾಸ್‌ಗೆ 0.5 ಕೊಟ್ಟರೆ 60 ಬಾರದು, 1.047198 ಬರುವುದು. ಉತ್ತರ ರೇಡಿಯನ್ನಿನಲ್ಲಿದೆ; 180ರಿಂದ ಗುಣಿಸಿ ಪೈಯಿಂದ ಭಾಗಿಸಬೇಕು.

ಇಷ್ಟು ಸುಲಭ. ನಿಜವಾದ ತೊಡಕು ಬೇರೆ. ಗಣಕಯಂತ್ರ ದಶಮಾಂಶಗಳನ್ನು ಸುಮಾರು 16 ಅಂಕಿಗಳವರೆಗೆ ಮಾತ್ರ ಹಿಡಿದಿಡುತ್ತದೆ. ಸೂತ್ರವನ್ನು ನಾವೇ ಬರೆದು ಲೆಕ್ಕಿಸಿದಾಗ, 1 ಆಗಬೇಕಾದ ಗುಣಾಂಕ ಕೆಲವೊಮ್ಮೆ 1.0000000000000002 ಆಗಿಬಿಡುತ್ತದೆ. ಪರದೆಯ ಮೇಲೆ ಕಾಣುವುದು 1 ಮಾತ್ರ. ಆದರೆ ಒಂದನ್ನು ಮೀರಿದ ಕೋಸೈನಿಗೆ ಕೋನವಿಲ್ಲ. ಆರ್ ಎಚ್ಚರಿಕೆಯ ಸಾಲೊಂದನ್ನು ಮುದ್ರಿಸಿ, 'ಸಂಖ್ಯೆಯಲ್ಲ' ಎಂಬರ್ಥದ 'ನ್ಯಾನ್' ಎಂಬ ಉತ್ತರ ನೀಡುತ್ತದೆ. ಅಂಥವನ್ನು ಕೈಬಿಟ್ಟು ಉಳಿದ ಕೋನಗಳ ಸರಾಸರಿ ತೆಗೆಯುವುದು ಸಹಜವೆನಿಸುತ್ತದೆ; ನಾನೂ ಒಮ್ಮೆ ಹಾಗೆಯೇ ಮಾಡಿದ್ದೆ. ಕೈಬಿಟ್ಟವು ಯಾವುವು? ಸೊನ್ನೆ ಕೋನದವು, ಎಂದರೆ ಪೂರ್ಣವಾಗಿ ಹೊಂದುವ ಜೋಡಿಗಳೇ. ಅವು ಹೋದಮೇಲೆ ಸರಾಸರಿ ಕೋನ ಏರಿ, ಇರುವ ಹೊಂದಿಕೆ ಕಡಿಮೆಯಾಗಿ ತೋರುತ್ತದೆ.

ಒಂದನ್ನು ಮೀರಿದ್ದನ್ನು ಒಂದಕ್ಕೆ, ಋಣ ಒಂದಕ್ಕಿಂತ ಇಳಿದದ್ದನ್ನು ಋಣ ಒಂದಕ್ಕೆ ತಂದು ಎಕಾಸ್‌ಗೆ ಕೊಡುವುದು ಇದಕ್ಕೆ ಪರಿಹಾರ. ಆದರೆ ಹಾಗೆ ತರುವ ಮುನ್ನ ಮೀರಿದ ಪ್ರಮಾಣವನ್ನು ನೋಡಬೇಕು. ಹದಿನಾರನೆಯ ದಶಮಾಂಶ ಸ್ಥಾನದಲ್ಲಿ ಮೀರಿದ್ದರೆ ಅದು ಯಂತ್ರದ ಮಿತಿ, 1.2 ಬಂದಿದ್ದರೆ ಸೂತ್ರವೇ ತಪ್ಪಿದೆ.