ಮನಿಪ್ಲಾಂಟ್ ಬಳ್ಳಿಯ ಆರೈಕೆ

ಕಿಟಕಿಯ ಬಳಿ ಸೀಸೆಯ ನೀರಿನಲ್ಲಿ ಬೆಳೆಯುವ ಮನಿಪ್ಲಾಂಟನ್ನು ಕಾಣದವರು ವಿರಳ. ಎಪಿಪ್ರೆಮ್ನಮ್ ಆರಿಯಮ್ ಎಂಬುದು ಇದರ ಶಾಸ್ತ್ರೀಯ ನಾಮ; ತವರು ಫ್ರೆಂಚ್ ಪಾಲಿನೇಷ್ಯದ ಮೋರೆಯಾ ದ್ವೀಪ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಆದರೂ ಈ ಪರದೇಶದ ಬಳ್ಳಿಯನ್ನು ಬೆಳೆಸಲು ಬೇಕಾದ ತಿಳಿವಳಿಕೆಯೆಲ್ಲ ಅಕ್ಷರವರಿಯದ ನಮ್ಮ ತಂದೆಯವರ ಬೇಸಾಯದಲ್ಲಿಯೇ ಇದೆಯೆಂಬುದನ್ನು ವಾಚಕರ ಮುಂದಿಡುತ್ತೇನೆ.

ಮೊದಲನೆಯದು, ಗೆಣ್ಣು. ಬರಿಯ ಎಲೆಯನ್ನು ನೀರಿನಲ್ಲಿಟ್ಟರೆ ಬಳ್ಳಿಯಾಗದು. ಬಿತ್ತನೆಯ ಕಬ್ಬಿನಂತೆ ಇದರ ತುಂಡಿನಲ್ಲಿಯೂ ಗೆಣ್ಣು ಇರಲೇಬೇಕು. ಬೇರು, ಚಿಗುರು ಎರಡೂ ಅಲ್ಲಿಂದಲೇ ಹೊರಡುತ್ತವೆ.

ಎರಡನೆಯದು, ಆಸರೆ. ವೀಳ್ಯದ ಬಳ್ಳಿಯನ್ನು ತಂದೆಯವರು ಮರಕ್ಕೆ ಹಬ್ಬಿಸುತ್ತಾರೆ. ಮನಿಪ್ಲಾಂಟ್ ಸಹ ಅಂತಹುದೇ. ಜೋತುಬಿದ್ದಾಗ ಅಂಗೈಯಗಲದ ಎಲೆ ಬಿಡುವ ಇದು, ಮರವೇರಿದರೆ ಮೊಳದುದ್ದದ ಎಲೆ ಬಿಡುತ್ತದೆ. ಕುಂಡದಲ್ಲಿ ತೆಂಗಿನ ನಾರು ಸುತ್ತಿದ ಕೋಲನ್ನು ನೆಟ್ಟರೆ ಎಲೆಗಳು ಹಿಗ್ಗುತ್ತವೆ.

ಮೂರನೆಯದು, ನೀರು ಮತ್ತು ಬೆಳಕು. ಮೇಲುಮಣ್ಣು ಒಂದಂಗುಲ ಒಣಗಿದ ಮೇಲೆಯೇ ನೀರೆರೆಯಬೇಕು. ನೀರು ನಿಂತರೆ ಬೇರು ಕೊಳೆಯುತ್ತದೆ. ಸೀಸೆಯ ನೀರನ್ನು ವಾರಕ್ಕೊಮ್ಮೆ ಬದಲಿಸತಕ್ಕದ್ದು. ಸುಡುಬಿಸಿಲು ಬೇಡ, ಬೆಳಕು ಬೇಕು. ಕತ್ತಲೆಯಲ್ಲಿ ಎಲೆಯ ಹಳದಿ ಬಣ್ಣ ಮಾಸುತ್ತದೆ.

ನಾಲ್ಕನೆಯದು, ಎಚ್ಚರ. ಇದು ಕೆಸುವಿನ ಕುಟುಂಬದ್ದು. ಹಸಿ ಕೆಸುವಿನಂತೆ ಇದರಲ್ಲಿಯೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳಿವೆ. ಜಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಎಳೆಮಕ್ಕಳಿಗೂ ಸಾಕುಪ್ರಾಣಿಗಳಿಗೂ ಎಟುಕದಂತೆ ಇಡಬೇಕು.

ಕದ್ದು ತಂದ ಬಳ್ಳಿಯೇ ಚೆನ್ನಾಗಿ ಹಬ್ಬುತ್ತದೆಂಬ ಮಾತೊಂದಿದೆ. ಕಳವೇಕೆ? ಕೇಳಿದರೆ ಒಂದು ಗೆಣ್ಣನ್ನು ಇಲ್ಲವೆನ್ನುವವರು ಕಡಿಮೆ. ಕತ್ತರಿಸಿದ ಕಡೆ ಕೊಟ್ಟವರ ಬಳ್ಳಿಯೂ ಮತ್ತೆ ಚಿಗುರೊಡೆಯುತ್ತದೆ.