1955: ಕನ್ನಡ ಸಾಹಿತ್ಯದ ಒಂದು ಸಂವತ್ಸರ

ಇಂದು ಹನೂರು ತಾಲ್ಲೂಕಿನಲ್ಲಿರುವ ಲೊಕ್ಕನಹಳ್ಳಿಯು ಕೊಳ್ಳೇಗಾಲ ತಾಲ್ಲೂಕಿನೊಡನೆ ಇನ್ನೂ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ 1955ನೆಯ ಇಸವಿಯಲ್ಲಿ, ಅದರ ಹಿಂದಿನ ವರ್ಷದ ಮಾರ್ಚ್ 12ರಂದು ಉದ್ಘಾಟಿತವಾಗಿದ್ದ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗಳು ಆರಂಭವಾಗಲು, ಕನ್ನಡದ ಪ್ರಥಮ ಗೌರವವು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯಕ್ಕೆ ಸಂದಿತು. ಗುರು ಟಿ. ಎಸ್. ವೆಂಕಣ್ಣಯ್ಯನವರಿಗೆ ಅರ್ಪಿತವಾದ, ಕವಿಯೇ ರೂಪಿಸಿಕೊಂಡ ಮಹಾಛಂದಸ್ಸಿನಲ್ಲಿ ಹರಿಯುವ ಈ ಕೃತಿಯೇ ಮುಂದೆ 1967ರ ಸಾಲಿನ ಜ್ಞಾನಪೀಠವನ್ನೂ, ಗುಜರಾತಿಯ ಉಮಾಶಂಕರ ಜೋಶಿಯವರೊಡನೆ ಹಂಚಿಕೊಂಡು, ಕನ್ನಡಕ್ಕೆ ಮೊದಲ ಬಾರಿಗೆ ತಂದಿತು; ಪರೀಕ್ಷೆ ಬರೆಯುವ ಅಭ್ಯರ್ಥಿಗಳು ತಪ್ಪುವುದು ಬಹುಮಟ್ಟಿಗೆ ಈ ಎರಡು ಇಸವಿಗಳ ನಡುವೆಯೇ.

ಅದೇ ವರ್ಷ ಮೈಸೂರಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಶಿವರಾಮ ಕಾರಂತರು ಅಧ್ಯಕ್ಷರು. ಅವರಿಗೆ ಅಕಾಡೆಮಿ ಪ್ರಶಸ್ತಿ ದೊರೆತುದು 1959ರಲ್ಲಿ, ಅದೂ ಕಾದಂಬರಿಗಲ್ಲದೆ ‘ಯಕ್ಷಗಾನ ಬಯಲಾಟ’ವೆಂಬ ಶಾಸ್ತ್ರಗ್ರಂಥಕ್ಕೆ ಎಂಬುದು ಪ್ರಶ್ನೆಪತ್ರಿಕೆ ರಚಿಸುವವರಿಗೆ ಬಲು ಪ್ರಿಯವಾದ ವಿಷಯ.

ಹೊರಗಿನ ಲೋಕದಲ್ಲಿ ಐಸ್‌ಲೆಂಡಿನ ಹಾಲ್ಡೋರ್ ಲ್ಯಾಕ್ಸ್‌ನೆಸ್ ನೊಬೆಲ್ ಪಡೆದರು. ಉರ್ದು ಕಥೆಗಾರ ಸಾದತ್ ಹಸನ್ ಮಂಟೊ ಜನವರಿ 18ರಂದು ಲಾಹೋರಿನಲ್ಲಿಯೂ, ಜರ್ಮನ್ ಕಾದಂಬರಿಕಾರ ಥಾಮಸ್ ಮನ್ ಆಗಸ್ಟ್ 12ರಂದು ಜ್ಯೂರಿಕ್‌ನಲ್ಲಿಯೂ ನಿಧನರಾದರು. ಅಕಾಡೆಮಿಯ ಆ ಮೊದಲ ಪಟ್ಟಿಯಲ್ಲಿಯೇ ಹಿಂದಿಯ ಮಾಖನಲಾಲ್ ಚತುರ್ವೇದಿಯವರಿದ್ದರು. ಬಂಗಾಳಿಯ ಜೀವನಾನಂದ ದಾಸರಿಗಾದರೋ ಪ್ರಶಸ್ತಿಯು ಮರಣೋತ್ತರವಾಗಿ ಬಂದಿತು.

ಕಾರಂತರ ಅನಂತರ, 1956ರ ರಾಯಚೂರು ಸಮ್ಮೇಳನದ ಅಧ್ಯಕ್ಷಪೀಠವು ನಾಟಕಕಾರ ಶ್ರೀರಂಗರದಾಯಿತು. ಆ ವರ್ಷದ ನವೆಂಬರ್ 1ರಂದು ಕೊಳ್ಳೇಗಾಲ ಸೀಮೆಯೂ ಮೈಸೂರು ರಾಜ್ಯವನ್ನು ಸೇರಿತು.