ಸುದ್ದಿಯೂ ಕ್ಷೇಮಸಮಾಚಾರವೂ

ನಮ್ಮ ಹಿರಿಯರ ಕಾಗದಗಳು ‘ಉಭಯ ಕುಶಲೋಪರಿ’ ಎಂಬ ಒಕ್ಕಣೆಯಿಂದ ಮೊದಲಾಗುತ್ತಿದ್ದುವು. ಇತ್ತ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರುವುದು. ಮಳೆ, ಬೆಳೆ, ಮದುವೆ, ಸಾಲದ ಮಾತೆಲ್ಲ ಆಮೇಲೆ. ಮಳೆಗೆ ಮನೆಯ ಗೋಡೆ ಬಿದ್ದಿದ್ದರೂ ಯಾರಿಗೂ ಏನೂ ಆಗಲಿಲ್ಲವೆಂದು ಮೊದಲು ತಿಳಿಸಿ, ಅನಂತರವೇ ಗೋಡೆಯ ಸಂಗತಿಯನ್ನು ಎತ್ತುವುದು ವಾಡಿಕೆ. ವೃತ್ತಪತ್ರಿಕೆಯ ಕ್ರಮ ಇದಕ್ಕೆ ತಲೆಕೆಳಗು. ಅಲ್ಲಿ ಗೋಡೆ ಬಿದ್ದದ್ದೇ ಮೊದಲು. ಯಾರಿಗೂ ಏನೂ ಆಗಲಿಲ್ಲವೆಂಬುದು ಕಡೆಯ ಸಾಲಿಗೆ ಹೋಗುತ್ತದೆ, ಇಲ್ಲವೆ ಜಾಗವಿಲ್ಲದೆ ಬಿಟ್ಟುಹೋಗುತ್ತದೆ. ಪ್ರಕೃತಿವಿಕೋಪದ ದಿನಗಳಲ್ಲಿ ಈ ವ್ಯತ್ಯಾಸದಿಂದ ದೂರದ ಬಂಧುಗಳಿಗೆ ಏನಾಗುತ್ತದೆಂಬುದನ್ನು ಇಲ್ಲಿ ವಿಚಾರ ಮಾಡಿದೆ.

ಭೂಕಂಪವಾಗಲಿ, ನೆರೆಯಾಗಲಿ, ಅದರ ಸುದ್ದಿಗೆ ಎರಡು ಬಗೆಯ ವಾಚಕರುಂಟು. ಆ ಊರಿನಲ್ಲಿ ತನ್ನವರಾರೂ ಇಲ್ಲದವನು ಒಬ್ಬ. ಎಷ್ಟು ದೊಡ್ಡ ಅನಾಹುತ, ಕಾರಣವೇನು, ಸರ್ಕಾರ ಏನು ಮಾಡಿತು ಎಂಬುವು ಅವನ ಪ್ರಶ್ನೆಗಳು. ಇನ್ನೊಬ್ಬನ ತಾಯಿಯೋ ತಮ್ಮನೋ ಅಲ್ಲಿದ್ದಾರೆ. ಅವನಿಗಿರುವುದು ಒಂದೇ ಪ್ರಶ್ನೆ. ಸತ್ತವರು ಇಪ್ಪತ್ತು ಮಂದಿ ಎಂದರೆ ಮೊದಲನೆಯವನಿಗೆ ಅದು ಮಾಹಿತಿ; ಎರಡನೆಯವನಿಗೆ, ಆ ಇಪ್ಪತ್ತರಲ್ಲಿ ನಮ್ಮವರು ಸೇರಿರಬಹುದೇ ಎಂಬ ಹೊಸ ಸಂಕಟ. ಸುದ್ದಿಯೆಲ್ಲ ಮೊದಲನೆಯವನಿಗಾಗಿಯೇ ಬರೆದದ್ದು. ಇದರಲ್ಲಿ ಸುದ್ದಿಗಾರನ ದುರುದ್ದೇಶವೇನೂ ಇಲ್ಲ. ಅವನ ಓದುಗರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮೊದಲ ಬಗೆಯವರೇ. ಅನಾಹುತದ ಗಾತ್ರ ಅವರ ಮನಸ್ಸಿಗೆ ತಟ್ಟದಿದ್ದರೆ ಅಕ್ಕಿ, ಕಂಬಳಿ, ಹಣ ಹರಿದು ಬರುವುದೂ ಇಲ್ಲ. ಆದರೂ ಎರಡನೆಯವನು ಅದೇ ಪತ್ರಿಕೆಯನ್ನು ಓದುತ್ತಾನೆ, ಅದೇ ದೂರದರ್ಶನದ ಮುಂದೆ ಕುಳಿತಿರುತ್ತಾನೆ. ಅವನಿಗೆ ಬೇರೆ ದಾರಿಯಿಲ್ಲ.

2001ರ ಜನವರಿ 26ರಂದು, ದೆಹಲಿಯಲ್ಲಿ ಗಣರಾಜ್ಯೋತ್ಸವ ನಡೆಯಬೇಕಾಗಿದ್ದ ಬೆಳಿಗ್ಗೆ 8-46ಕ್ಕೆ ಗುಜರಾತಿನಲ್ಲಿ ಭೂಮಿ ನಡುಗಿತು. ಕಂಪನದ ಕೇಂದ್ರ ಕಚ್ಛದ ಭಚಾವು ಪಟ್ಟಣದ ಸಮೀಪ. ಆದರೆ ದೇಶವು ಮೊದಲು ಕಂಡ ಚಿತ್ರಗಳಲ್ಲಿ ಹೆಚ್ಚಿನವು ಅಲ್ಲಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನವು. ಕುಸಿದ ಬಹುಮಹಡಿ ಕಟ್ಟಡಗಳವು. ಕ್ಯಾಮರಾಗಳಿದ್ದದ್ದು ಅಲ್ಲಿ, ಟೆಲಿಫೋನು ಉಳಿದದ್ದು ಅಲ್ಲಿ. ಭುಜ್, ಅಂಜಾರ್, ಭಚಾವು, ರಾಪರ್‌ಗಳಿಂದ ತಂತಿ ಸಂಪರ್ಕ ಕಡಿದುಹೋಗಿತ್ತು. ಕೊನೆಗೆ ಸರ್ಕಾರದ ಲೆಕ್ಕಕ್ಕೆ ಸಿಕ್ಕ 13,800ಕ್ಕೂ ಹೆಚ್ಚು ಸಾವುಗಳಲ್ಲಿ ಬಹುಪಾಲು ಕಚ್ಛದವೇ. ಮುಂಬಯಿಯಲ್ಲಿ ಕಚ್ಛೀ ಜನ ಬಹಳ. ನಮ್ಮ ಕರ್ಣಾಟಕದ ಊರುಗಳಲ್ಲಿಯೂ ಸಾಮಿಲ್ಲು ಇಟ್ಟುಕೊಂಡಿರುವ ಕಚ್ಛೀ ಪಟೇಲರನ್ನು ನಾವು ಕಾಣುತ್ತೇವೆ. ಅಂಥವರಿಗೆ ಆ ಮೊದಲ ಹೊತ್ತಿನ ಸುದ್ದಿ ಏನನ್ನು ತಿಳಿಸಿತು? ಚಿತ್ರ ಬಂದ ಜಾಗವೇ ವಿಪತ್ತಿನ ಜಾಗವೆಂದು ನಂಬಿದವನಿಗೆ ಸುಳ್ಳು ಸಮಾಧಾನ. ತನ್ನೂರಿನ ಹೆಸರೇ ಬರುತ್ತಿಲ್ಲವಲ್ಲ ಎಂದು ಯೋಚಿಸಿದವನಿಗೆ ಕಡುಭಯ. ಎರಡನೆಯವನ ಊಹೆಯೇ ನಿಜಕ್ಕೆ ಹತ್ತಿರವಾಗಿತ್ತೆಂಬುದು ದುಃಖದ ಸಂಗತಿ. ಸುದ್ದಿ ಬಾರದಿರುವುದೂ ಒಂದು ಸುದ್ದಿಯೇ. ಆದರೆ ಅದನ್ನು ‘ಇಂತಿಂಥ ಊರುಗಳಿಂದ ಇನ್ನೂ ಏನೂ ತಿಳಿದುಬಂದಿಲ್ಲ’ ಎಂದು ಬಾಯಿಬಿಟ್ಟು ಹೇಳುವ ವಾಡಿಕೆ ಕಡಮೆ.

ನಮ್ಮ ನಾಡಿನಲ್ಲಿಯೇ 2018ರ ಆಗಸ್ಟಿನಲ್ಲಿ ಇದಕ್ಕೆ ವಿರುದ್ಧವಾದ ತೊಡಕು ಕಾಣಿಸಿತು. ಆ ತಿಂಗಳ ನಡುವೆ ಕೊಡಗಿನಲ್ಲಿ ಸುರಿದ ಮಳೆಗೆ ಮಕ್ಕಂದೂರು, ಹೆಬ್ಬಟ್ಟಗೇರಿ, ಮುಕ್ಕೋಡ್ಲು, ಕಾಲೂರು, ಸಂಪಾಜೆ ರಸ್ತೆಯ ಜೋಡುಪಾಲ ಮೊದಲಾದ ಕಡೆಗಳಲ್ಲಿ ಗುಡ್ಡಗಳು ಜರಿದುಬಿದ್ದುವು. ಆಗ ಜಿಲ್ಲೆಯಲ್ಲಿದ್ದ ತಾಲ್ಲೂಕುಗಳು ಮೂರೇ. ಭೂಕುಸಿತದ ಪೆಟ್ಟು ಬಿದ್ದದ್ದು ಮುಖ್ಯವಾಗಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ಮೇಲೆ. ಮಡಿಕೇರಿಯಲ್ಲಿ ಎರಡಂತಸ್ತಿನ ಮನೆಯೊಂದು ಇಳಿಜಾರಿನಲ್ಲಿ ಜಾರಿಹೋದ ದೃಶ್ಯವನ್ನು ದೇಶವೆಲ್ಲ ನೋಡಿತು. ಒಮ್ಮೆಯಲ್ಲ, ನೂರಾರು ಬಾರಿ. ದೃಶ್ಯ ನಿಜವಾದದ್ದೇ. ಆದರೆ ಒಂದು ಮನೆ ನೂರು ಸಲ ಬಿದ್ದರೆ ನೋಡುವವನ ಮನಸ್ಸಿನಲ್ಲಿ ನೂರು ಮನೆ ಬೀಳುತ್ತದೆ. ಪರದೆಯ ಕೆಳಗೆ ಓಡುತ್ತಿದ್ದ ಅಕ್ಷರ ‘ಕೊಡಗು’ ಎಂದಷ್ಟೇ. ಐದೂವರೆ ಲಕ್ಷ ಜನರ ಜಿಲ್ಲೆಗೆ ಒಂದೇ ಹೆಸರು! ಸೈನ್ಯದಲ್ಲಿದ್ದು ಗಡಿಯಲ್ಲಿ ಕಾವಲಿರುವವನು, ಬೆಂಗಳೂರಿನಲ್ಲಿ ನೌಕರಿ ಮಾಡುವವಳು ಈ ಒಂದು ಹೆಸರಿನಿಂದ ತನ್ನ ಮನೆಯ ಗತಿಯನ್ನು ಹೇಗೆ ತಿಳಿಯಬೇಕು? ಕೊಡಗಿನಲ್ಲಿ ಗ್ರಾಮದ ಹೆಸರನ್ನು ಹೇಳಿದರೂ ಸಾಲದು. ಬಯಲುಸೀಮೆಯ ಊರಿನಂತೆ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ, ಗದ್ದೆಗೊಂದು, ತೋಟಕ್ಕೊಂದು. ಒಂದು ಗುಡ್ಡದ ಈ ಮಗ್ಗುಲು ಜರಿದರೆ ಆ ಮಗ್ಗುಲಿನ ಮನೆಯಲ್ಲಿ ಒಲೆ ಉರಿಯುತ್ತಿರಬಹುದು. ಅಲ್ಲಿಗೆ ಹೋಗಿ ನೋಡಲು ವರದಿಗಾರನಿಗೂ ರಸ್ತೆಯಿರಲಿಲ್ಲ, ನಿಜ. ಎಷ್ಟೋ ಕಡೆ ವಿದ್ಯುತ್ತಿಲ್ಲದೆ ಮೊಬೈಲು ಮೂಕವಾಗಿತ್ತು. ಆದರೆ ಯಾವ ಹೋಬಳಿ, ಯಾವ ರಸ್ತೆಯ ಯಾವ ತಿರುವು, ಚಿತ್ರ ಯಾವ ದಿನ ಎಷ್ಟು ಗಂಟೆಯದು, ಯಾವ ಪ್ರದೇಶಕ್ಕೆ ತೊಂದರೆಯಿಲ್ಲ—ಇಷ್ಟನ್ನು ಬರೆಯಲು ಹೊಸ ಯಂತ್ರವೇನೂ ಬೇಕಾಗಿರಲಿಲ್ಲ.

ಗಂಟೆಯನ್ನು ನಮೂದಿಸುವುದು ಸಣ್ಣ ಮಾತೆಂದು ಯಾರೂ ತಿಳಿಯಬಾರದು. ಅದೇ ವಾರಗಳಲ್ಲಿ ಕೇರಳ ನೆರೆಯಲ್ಲಿ ಮುಳುಗಿತ್ತು. ಮಾಳಿಗೆಯ ಮೇಲೆ ಸಿಕ್ಕಿಬಿದ್ದವರಿಗಾಗಿ ಗಲ್ಫ್ ದೇಶಗಳಲ್ಲಿದ್ದ ಮಕ್ಕಳು ಮೊಬೈಲಿನಲ್ಲಿ ವಿಳಾಸಸಹಿತ ಮೊರೆಗಳನ್ನು ಕಳುಹಿಸಿದರು. ಇದರಿಂದ ಎಷ್ಟೋ ಜೀವಗಳು ಉಳಿದುವು. ಆದರೆ ಜನರನ್ನು ದೋಣಿಯಲ್ಲಿ ಕರೆತಂದ ಮೇಲೂ ಅದೇ ಮೊರೆಗಳು ತಾರೀಖಿಲ್ಲದೆ ಕೈಯಿಂದ ಕೈಗೆ ದಾಟುತ್ತಲೇ ಇದ್ದುವು. ಉಳಿದವರನ್ನು ಮತ್ತೆ ಮತ್ತೆ ಹುಡುಕುವ ಶ್ರಮ ಒಂದೆಡೆ. ಬಂಧುಗಳಿಗೆ ಮುಗಿದ ಭಯ ಮತ್ತೆ ಮೊದಲಾಗುವುದು ಇನ್ನೊಂದೆಡೆ. ಮುಲ್ಲಪೆರಿಯಾರ್ ಅಣೆಕಟ್ಟು ಒಡೆಯಲಿದೆಯೆಂಬ ಸುಳ್ಳು ಧ್ವನಿಮುದ್ರಿಕೆಯೂ ಆ ಸಮಯದಲ್ಲಿ ಹರಡಿತು; ಸರ್ಕಾರವೇ ಅದನ್ನು ಅಲ್ಲಗಳೆಯಬೇಕಾಯಿತು.

ಹಾಗಾದರೆ ಸುದ್ದಿಯನ್ನು ನೋಡುತ್ತ ಕೂರದಿರುವುದೇ ಲೇಸೇ? ಈ ವಿಷಯದಲ್ಲಿ ಒಂದು ಅಧ್ಯಯನ ಗಮನಾರ್ಹವಾಗಿದೆ. 2013ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮ್ಯಾರಥಾನ್ ಓಟದಲ್ಲಿ ಬಾಂಬುಗಳು ಸಿಡಿದುವು. ಇದು ಮನುಷ್ಯಕೃತ ಘಟನೆ, ಪ್ರಕೃತಿಯದಲ್ಲ. ಆದರೂ ನಮ್ಮ ವಿಷಯಕ್ಕೆ ಹೊಂದುತ್ತದೆ. ಹೋಲ್ಮನ್, ಗಾರ್ಫಿನ್, ಸಿಲ್ವರ್ ಎಂಬ ಸಂಶೋಧಕಿಯರು 2014ರಲ್ಲಿ ಪ್ರಕಟಿಸಿದ ಪ್ರಕಾರ, ಮುಂದಿನ ವಾರದಲ್ಲಿ ದಿನಕ್ಕೆ 6 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಅದರ ಸುದ್ದಿಯಲ್ಲಿ ಮುಳುಗಿದವರ ಮಾನಸಿಕ ಒತ್ತಡವು ಸ್ಥಳದಲ್ಲಿಯೇ ಇದ್ದವರ ಒತ್ತಡಕ್ಕಿಂತ ಹೆಚ್ಚಾಗಿತ್ತು. ಸುದ್ದಿಯೇ ಒತ್ತಡಕ್ಕೆ ಕಾರಣವೋ, ಒತ್ತಡವಿದ್ದವರೇ ಸುದ್ದಿಗೆ ಅಂಟಿಕೊಂಡರೋ ಎಂಬುದು ಬೇರೆ ಚರ್ಚೆ. ಎದುರಿಗಿದ್ದವನಿಗೆ ಸದ್ದು ಅಡಗಿದ ಕ್ಷಣ ತಿಳಿಯುತ್ತದೆ. ದೂರದವನಿಗೆ ಅದು ಅಡಗುವುದೇ ಇಲ್ಲ. ಆದರೆ ತಾಯಿ ಅಲ್ಲಿರುವವನಿಗೆ ‘ನೋಡಬೇಡ’ ಎಂಬ ಬುದ್ಧಿವಾದವನ್ನು ಹೇಳುವುದು ಸುಲಭ, ಕೇಳುವುದು ಕಷ್ಟ. ಅವನು ದುರಂತದ ಚಿತ್ರಕ್ಕಾಗಿ ನೋಡುತ್ತಿಲ್ಲ. ಮೂಲೆಯಲ್ಲಿ ಒಂದು ಮುಖ ಕಂಡೀತೇ ಎಂದು ನೋಡುತ್ತಿದ್ದಾನೆ.

ಕ್ಷೇಮಸಮಾಚಾರವನ್ನೇ ಕೆಲಸವಾಗಿ ಹಿಡಿದವರೂ ಇಲ್ಲದಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನಿನ ಸಂಪರ್ಕ ಕಡಿದಾಗ, ಹವ್ಯಾಸಿ ರೇಡಿಯೋ ತಂಡದೊಡನೆ ಪೋರ್ಟ್ ಬ್ಲೇರಿಗೆ ಬಂದಿದ್ದ ಭಾರತಿ ಪ್ರಸಾದ್ ಎಂಬ ಮಹಿಳೆ ತಮ್ಮ ಯಂತ್ರದಿಂದಲೇ ಅಲ್ಲಿದ್ದವರ ಕ್ಷೇಮವನ್ನು ನಾಡಿನ ಬಂಧುಗಳಿಗೆ ಮುಟ್ಟಿಸಿದರು. ಪತ್ರಿಕೆಗಳ ಲೆಕ್ಕದಲ್ಲಿ ಇವು ಸುದ್ದಿಗಳೇ ಅಲ್ಲ: ಇಂಥವರು ಇದ್ದಾರೆ, ಅಷ್ಟೆ.

ಜಪಾನಿನಲ್ಲಿ ಇದಕ್ಕೆ ಒಂದು ವ್ಯವಸ್ಥೆಯೇ ಇದೆ. 1995ರ ಜನವರಿ 17ರಂದು ಕೋಬೆ ಪ್ರಾಂತದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತ ಭೂಕಂಪವಾದಾಗ, ಆ ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್.ಎಚ್.ಕೆ. ತನ್ನ ಶೈಕ್ಷಣಿಕ ದೂರದರ್ಶನವನ್ನೂ ಎಫ್.ಎಂ. ರೇಡಿಯೋವನ್ನೂ ಜನರ ಕ್ಷೇಮವಾರ್ತೆಗೆ ಬಿಟ್ಟುಕೊಟ್ಟಿತು. ಒಂದು ವಾಹಿನಿಯಲ್ಲಿ ಸುದ್ದಿ, ಇನ್ನೊಂದರಲ್ಲಿ ಹೆಸರುಗಳು. ಆಗ ಟೆಲಿಫೋನು ಕರೆಗಳು ಒಂದರ ಮೇಲೊಂದು ಬಿದ್ದು ಮಾರ್ಗವೇ ಕಟ್ಟಿಹೋಗಿತ್ತು. ಆ ಅನುಭವದಿಂದ 1998ರಲ್ಲಿ 171 ಎಂಬ ಸಂಖ್ಯೆಯ ಸೇವೆ ಹುಟ್ಟಿತು. ವಿಪತ್ತಿಗೆ ಸಿಕ್ಕವನು ಆ ಸಂಖ್ಯೆಗೆ ಕರೆಮಾಡಿ, ತನ್ನ ಮನೆಯ ಟೆಲಿಫೋನು ಸಂಖ್ಯೆಯನ್ನು ಒತ್ತಿ, 30 ಸೆಕೆಂಡುಗಳೊಳಗೆ ತನ್ನ ಮಾತನ್ನು ದಾಖಲಿಸುತ್ತಾನೆ. ದೂರದ ಬಂಧು ಅದೇ ಸಂಖ್ಯೆಯನ್ನು ಒತ್ತಿ ಕೇಳುತ್ತಾನೆ. ಪ್ರತಿ ತಿಂಗಳು 1 ಮತ್ತು 15ನೆಯ ತಾರೀಖುಗಳಲ್ಲಿ ಅಭ್ಯಾಸಕ್ಕಾಗಿ ಈ ಸೇವೆ ಎಲ್ಲರಿಗೂ ತೆರೆದಿರುತ್ತದೆ.

ನಮ್ಮ ವಿದ್ಯಾರ್ಥಿನಿಲಯದ ಮಿತ್ರರು ಇದರ ಸಣ್ಣ ಅನುಕರಣೆಯನ್ನು ಈ ಮಳೆಗಾಲಕ್ಕೇ ಮಾಡಬಹುದು. ಮನೆಯವರೂ ನಾವೂ ಸೇರಿ, ನಮ್ಮ ಜಿಲ್ಲೆಯ ಹೊರಗಿನ ಸೋದರಮಾವನದೋ ಚಿಕ್ಕಮ್ಮನದೋ ಒಂದು ಸಂಖ್ಯೆಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು. ತೊಂದರೆ ಬಂದಾಗ ಇಬ್ಬರೂ ಒಬ್ಬರನ್ನೊಬ್ಬರು ಕೂಗದೆ ಅಲ್ಲಿಗೇ ತಿಳಿಸುವುದು. ಸಂಖ್ಯೆಯನ್ನು ಮೊಬೈಲಿನಲ್ಲಿಟ್ಟರೆ ಸಾಲದು, ಚಾರ್ಜು ಮುಗಿದಾಗ ಅದೂ ಮುಗಿಯುತ್ತದೆ. ಕಾಗದದ ಚೀಟಿಯಲ್ಲಿ ಬರೆದು, ಊರಿನಲ್ಲಿ ಅಜ್ಜಿಯ ಕೈಗೂ ಒಂದು ಪ್ರತಿ ಕೊಟ್ಟು ಬರಬೇಕು.